ಪಟ್ಟಿ ಗರಗಸವನ್ನು ತೂಕಕ್ಕೆ ಹಾಕಬೇಡಿ

“ಹಳೇ ಮೆಷಿನ್ನಿಗೆ ದುಡ್ಡು ಸುರೀಬೇಡಿ, ತೂಕಕ್ಕೆ ಹಾಕಿ ಹೊಸದು ತಗೊಳ್ಳಿ.”

ಹುಳಿಯಾರು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಯಾವ ಸಾಮಿಲ್ಲಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಯಂತ್ರ ಮಾರುವವರು ಹೇಳುತ್ತಾರೆ, ಸಾಲ ಕೊಡುವವರು ಹೇಳುತ್ತಾರೆ, ಮಿಲ್ಲಿನ ಯಜಮಾನರ ಓದಿದ ಮಕ್ಕಳು ಹೇಳುತ್ತಾರೆ. ಕೊನೆಗೆ ನಲವತ್ತು ವರ್ಷ ಅದೇ ಯಂತ್ರದಲ್ಲಿ ಮರ ಕೊಯ್ದು ಮನೆ ಕಟ್ಟಿಸಿ, ಮಕ್ಕಳ ಮದುವೆ ಮಾಡಿದ ಯಜಮಾನರೂ ತಲೆಯಾಡಿಸುತ್ತಾರೆ. ಎದುರಾಡುವವರಿಲ್ಲದ್ದರಿಂದಲೇ ಈ ಮಾತಿಗೆ ಸತ್ಯದ ಮಾನ ಸಿಕ್ಕಿದೆ. ನಾನು ಎದುರಾಡುತ್ತೇನೆ. ಇದು ಲೆಕ್ಕಕ್ಕೂ ಸುಳ್ಳು, ಯಂತ್ರದ ಗುಣಕ್ಕೂ ಸುಳ್ಳು. ತೆಂಗಿನ ಸೀಮೆಯ ಮಟ್ಟಿಗಂತೂ ಕೈಯಾರೆ ಮಾಡಿಕೊಳ್ಳುವ ನಷ್ಟ.

ಮೊದಲು ಕೇಳಬೇಕಾದ್ದನ್ನೇ ಯಾರೂ ಕೇಳುವುದಿಲ್ಲ: ಆ ಯಂತ್ರದಲ್ಲಿ ಹಳೆಯದಾಗಿರುವುದು ಯಾವುದು?

ಪಟ್ಟಿ ಗರಗಸ, ಅಂದರೆ ಬ್ಯಾಂಡ್‌ಸಾ: ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಹೊತ್ತ ಒಂದು ಕಂಬ, ಎರಡರ ಮೇಲೂ ಬಿಗಿಯಾಗಿ ಓಡುವ ಹಲ್ಲಿನ ಉಕ್ಕಿನ ಪಟ್ಟಿ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 1808ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಅವನ ಕಾಲದಲ್ಲಿ ಬಾಗಿ ಬಾಗಿ ತಡೆದುಕೊಳ್ಳುವ ಉಕ್ಕೂ ಇರಲಿಲ್ಲ, ಪಟ್ಟಿಯ ಎರಡು ತುದಿಗಳನ್ನು ನಂಬುವ ಹಾಗೆ ಬೆಸೆಯುವ ವಿದ್ಯೆಯೂ ಇರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಾಂ ಎಂಬ ಹೆಣ್ಣುಮಗಳು ಆ ಬೆಸುಗೆಯ ದಾರಿ ಕಂಡುಕೊಂಡರು. ಪ್ಯಾರಿಸ್ಸಿನ ಪೆರಾಂ ಕಂಪನಿ ಅದನ್ನು ಕೊಂಡುಕೊಂಡು ಒಳ್ಳೆಯ ಉಕ್ಕಿನ ಪಟ್ಟಿ ಮಾಡಿತು, ಯಂತ್ರ ಕೆಲಸಕ್ಕೆ ಬಂತು. ಅಲ್ಲಿಂದ ಇಲ್ಲಿಯವರೆಗೆ ಮೂಲ ರಚನೆ ಬದಲಾಗಿಲ್ಲ. ಇವತ್ತು ಶೋರೂಮಿನಲ್ಲಿ ಹೊಳೆಯುತ್ತಿರುವ ಯಂತ್ರದಲ್ಲೂ ಇರುವುದು ಅವೇ ಎರಡು ಚಕ್ರ, ಅದೇ ಪಟ್ಟಿ. ಹಾಗಾದರೆ “ಅದರ ಕಾಲ ಮುಗೀತು” ಎಂದು ಯಾವ ಆಧಾರದ ಮೇಲೆ ಹೇಳುತ್ತಾರೆ?

ಸವೆಯುವ ಭಾಗಗಳು ಬೇರೆ, ಉಳಿಯುವ ಭಾಗಗಳು ಬೇರೆ. ಬೇರಿಂಗು, ಬೆಲ್ಟು, ಚಕ್ರದ ಮೇಲಿನ ರಬ್ಬರು, ಪಟ್ಟಿಯನ್ನು ಅಕ್ಕಪಕ್ಕದಿಂದ ಹಿಡಿಯುವ ಗೈಡು, ಬ್ಲೇಡು, ಮೋಟರಿನ ವೈಂಡಿಂಗು ಸವೆಯುತ್ತವೆ. ಬದಲಾಯಿಸಲೆಂದೇ ಅವನ್ನು ಹಾಗೆ ಮಾಡಿರುತ್ತಾರೆ. ಉಳಿಯುವುದು ಬೀಡಿನ ಕಂಬ, ಬೀಡಿನ ಚಕ್ರ, ಬೀಡಿನ ಮೇಜು. ಬೀಡುಕಬ್ಬಿಣದೊಳಗಿನ ಗ್ರಾಫೈಟ್ ಎಳೆಗಳು ನಡುಕವನ್ನು ನುಂಗಿಕೊಳ್ಳುತ್ತವೆ. ಅದಕ್ಕೇ ಹಳೆಯ ಯಂತ್ರ ಭಾರದ ಹಲಸಿನ ದಿಮ್ಮಿ ಒತ್ತಿದಾಗಲೂ ಅಲುಗುವುದಿಲ್ಲ. ಹೊಸದಾಗಿ ಎರಕ ಹೊಯ್ದ ಬೀಡಿನೊಳಗೆ ಸೆಳೆತ ಉಳಿದಿರುತ್ತದೆ, ವರ್ಷ ಕಳೆದಂತೆ ಅದು ಸಡಿಲವಾಗಿ ಕಬ್ಬಿಣ ಹದಕ್ಕೆ ಬರುತ್ತದೆ. ಒಳ್ಳೆಯ ಯಂತ್ರ ಮಾಡುವವರು ಹಿಂದೆ ಎರಕದ ತುಂಡುಗಳನ್ನು ತಿಂಗಳುಗಟ್ಟಲೆ ಬಯಲಿನಲ್ಲಿ ಬಿಸಿಲು ಮಳೆಗೆ ಬಿಟ್ಟು ಆಮೇಲೆ ಕಡೆಯುತ್ತಿದ್ದುದು ಇದಕ್ಕಾಗಿಯೇ. ಅಂದರೆ ನಾವು ಗುಜರಿಯವನ ತಕ್ಕಡಿಗೆ ಎತ್ತಿ ಹಾಕುತ್ತಿರುವುದು ಯಂತ್ರದ ಅತ್ಯಂತ ಹದಗೊಂಡ ಭಾಗವನ್ನು. ಸವೆದದ್ದು ಅದರ ಸಣ್ಣ ಪಾಲು. ಆ ಸಣ್ಣ ಪಾಲಿನ ನೆಪದಲ್ಲಿ ಇಡೀ ಯಂತ್ರ ಕುಲುಮೆಗೆ ಹೋಗುತ್ತದೆ.

ಈ ಸೀಮೆಯ ರೈತರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಕೊಳವೆಬಾವಿಯ ಮೋಟರು ಸುಟ್ಟುಹೋದರೆ ನಮ್ಮಲ್ಲಿ ಯಾರಾದರೂ ಅದನ್ನು ತೂಕಕ್ಕೆ ಹಾಕುತ್ತಾರೆಯೇ? ಮೇಲೆತ್ತಿಸಿ, ಗಾಡಿಗೆ ಹಾಕಿಕೊಂಡು, ಹುಳಿಯಾರಿನದೋ ತಿಪಟೂರಿನದೋ ರಿವೈಂಡಿಂಗ್ ಅಂಗಡಿಗೆ ಹೋಗಿ, ತಾಮ್ರದ ತಂತಿ ಸುತ್ತಿಸಿಕೊಂಡು ತಂದು ಮತ್ತೆ ಇಳಿಸುತ್ತಾರೆ. ಒಂದೇ ಮೋಟರು ಎಷ್ಟೋ ಸಲ ಹೀಗೆ ಮರುಜೀವ ಪಡೆಯುತ್ತದೆ. ನೀರೆತ್ತುವ ಯಂತ್ರಕ್ಕೆ ಸಲ್ಲುವ ಈ ವಿವೇಕ ಮರ ಕೊಯ್ಯುವ ಯಂತ್ರಕ್ಕೆ ಯಾಕೆ ಸಲ್ಲಬಾರದು? ಬ್ಯಾಂಡ್‌ಸಾದ ಮೋಟರು ಸುತ್ತುವುದು ಸಬ್‌ಮರ್ಸಿಬಲ್ ಸುತ್ತುವುದಕ್ಕಿಂತ ಸುಲಭದ ಕೆಲಸ. ಅದನ್ನು ಮಾಡುವ ಕೈಗಳು ನಮ್ಮ ಬಸ್‌ಸ್ಟ್ಯಾಂಡಿನ ಸುತ್ತಮುತ್ತಲೇ ಇವೆ.

ಈಗ ಹಳೆಯ ಯಂತ್ರದ ಮೇಲಿನ ದೊಡ್ಡ ದೂರಿಗೆ ಬರೋಣ. ಯಂತ್ರ ಮಾರಲು ಹೊರಟವರ ಬಾಯಲ್ಲಿ ಮೊದಲು ಬರುವುದು ಬ್ಲೇಡಿನ ಮಾತು. ಹುಳಿಯಾರಿನ ಹತ್ತಿರದ ಒಂದು ಶೆಡ್ಡಿನಲ್ಲಿ ಯಜಮಾನರ ಮಗ ನನಗೆ ಹೇಳಿದ್ದು ಇದನ್ನೇ: “ಅಣ್ಣಾ, ಸುಮ್ಮನೆ ಬ್ಲೇಡು ತುಂಡಾಗುತ್ತೆ. ಬೆಸುಗೆ ಹಾಕಿಸ್ಕೊಂಡು ಬಂದ್ರೆ ಎರಡು ದಿನ, ಮತ್ತೆ ಪಕ್ಕದಲ್ಲೇ ಬಿರುಕು. ಮೆಷಿನ್ನೇ ಮುದಿಯಾಯ್ತು, ಇನ್ನೇನು ಮಾಡೋದು ಹೇಳಿ.” ಅವನ ಬೇಸರ ನಿಜ. ತುಂಡಾದ ಪಟ್ಟಿಗಳು ಗೋಡೆಯ ಮೊಳೆಗೆ ಸುರುಳಿ ಸುರುಳಿಯಾಗಿ ನೇತಾಡುತ್ತಿದ್ದವು. ಆದರೆ ಅವನು ತಪ್ಪು ಹೊರಿಸಿದ್ದು ಯಂತ್ರದ ವಯಸ್ಸಿನ ಮೇಲೆ. ವಯಸ್ಸಿಗೂ ಆ ಬಿರುಕಿಗೂ ಸಂಬಂಧವಿರಲಿಲ್ಲ.

ಲೆಕ್ಕ ಹಾಕಿ ನೋಡಿ. 36 ಇಂಚಿನ ಚಕ್ರ ನಿಮಿಷಕ್ಕೆ 600 ಸುತ್ತು ತಿರುಗಿದರೆ ಪಟ್ಟಿ ನಿಮಿಷಕ್ಕೆ ಸುಮಾರು 1,700 ಮೀಟರ್ ಓಡುತ್ತದೆ. ಪಟ್ಟಿಯ ಉದ್ದ ಆರು ಮೀಟರ್ ಎಂದಿಟ್ಟುಕೊಂಡರೆ ನಿಮಿಷಕ್ಕೆ 280 ಬಾರಿ ಸುತ್ತು ಮುಗಿಸುತ್ತದೆ. ಪ್ರತಿ ಸುತ್ತಿನಲ್ಲೂ ಮೇಲಿನ ಚಕ್ರದ ಮೇಲೊಮ್ಮೆ, ಕೆಳಗಿನ ಚಕ್ರದ ಮೇಲೊಮ್ಮೆ ಬಾಗಿ ನೆಟ್ಟಗಾಗುತ್ತದೆ. ಗಂಟೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಬಾರಿ ಬಾಗುವ ಉಕ್ಕು ಅದು. ಆದ್ದರಿಂದಲೇ ಹಳಬರು ಒಂದು ನಿಯಮ ಇಟ್ಟುಕೊಂಡಿದ್ದರು: ಪಟ್ಟಿಯ ದಪ್ಪ ಚಕ್ರದ ವ್ಯಾಸದ ಸಾವಿರದಲ್ಲಿ ಒಂದು ಪಾಲು ಮೀರಬಾರದು. 36 ಇಂಚಿನ ಚಕ್ರಕ್ಕೆ 0.9 ಮಿಲಿಮೀಟರ್, ಅಂದರೆ 20 ಗೇಜು. ಆ ಶೆಡ್ಡಿನಲ್ಲಿ ಹಾಕಿದ್ದದ್ದು 18 ಗೇಜಿನ ಪಟ್ಟಿ, 1.2 ಮಿಲಿಮೀಟರಿಗೂ ಹೆಚ್ಚು ದಪ್ಪ. ಅಂಗಡಿಯವರು “ದಪ್ಪಂದು ಹಾಕ್ಕೊಳಿ, ಬಾಳಿಕೆ ಬರುತ್ತೆ” ಎಂದು ಕೊಟ್ಟಿದ್ದರಂತೆ. ದಪ್ಪ ಹೆಚ್ಚಾದಷ್ಟೂ ಪ್ರತಿ ಬಾಗುವಿಕೆಯ ಸೆಳೆತ ಅದೇ ಪ್ರಮಾಣದಲ್ಲಿ ಏರುತ್ತದೆ. ಬಿರುಕು ಹಲ್ಲಿನ ಬುಡದಲ್ಲಿ ಹುಟ್ಟುತ್ತದೆ, ಒಳಕ್ಕೆ ಹರಿಯುತ್ತದೆ, ಪಟ್ಟಿ ಹೋಗುತ್ತದೆ. ತಪ್ಪು ಪಟ್ಟಿ ಹಾಕಿದವರದು, ಮರಣದಂಡನೆ ಯಂತ್ರಕ್ಕೆ!

ಇನ್ನೂ ಇತ್ತು. ಮೇಲಿನ ಚಕ್ರವನ್ನು ಎತ್ತಿ ಹಿಡಿದು ಪಟ್ಟಿಗೆ ಬಿಗಿ ಕೊಡುವುದು ಒಂದು ಸನ್ನೆ. ಅದರ ತುದಿಗೆ ಬೀಡಿನ ತೂಕ ನೇತುಹಾಕಿರುತ್ತಾರೆ. ಓಡುತ್ತ ಓಡುತ್ತ ಪಟ್ಟಿ ಬಿಸಿಯಾಗಿ ಕೂದಲೆಳೆಯಷ್ಟು ಉದ್ದವಾದರೆ ಚಕ್ರ ಅಷ್ಟೇ ಮೇಲೆದ್ದು ಬಿಗಿ ಕಾಯುತ್ತದೆ. ನಡುವೆ ಗಂಟು ಸಿಕ್ಕಿ ಪಟ್ಟಿ ಎಳೆದರೆ ಅಷ್ಟೇ ತಗ್ಗಿ ಪೆಟ್ಟು ನುಂಗುತ್ತದೆ. ಇದು ಆ ಯಂತ್ರದ ಜೀವಾಳ. ಆ ಶೆಡ್ಡಿನಲ್ಲಿ ಸನ್ನೆ ಕೀಲು ಹಿಡಿದುಹೋಗಿತ್ತು. ಮರದ ಹೊಟ್ಟು, ಅಂಟು, ವರ್ಷಗಳ ಗ್ರೀಸು ಸೇರಿ ಕಲ್ಲಾಗಿದ್ದವು. ಬಿಗಿ ಸಾಲದೆಂದು ತೂಕದ ಜೊತೆಗೆ ಒಂದು ಸೈಜುಗಲ್ಲನ್ನೂ ಹಗ್ಗದಲ್ಲಿ ಕಟ್ಟಿದ್ದರು. ಅಲುಗಾಡದ ಸನ್ನೆಗೆ ಎಷ್ಟು ಕಲ್ಲು ಕಟ್ಟಿದರೇನು? ಮೇಲಿನ ಚಕ್ರದ ಮೈ ನೋಡಿದೆ. ನೆಟ್ಟನೆಯ ಉಕ್ಕಿನ ಪಟ್ಟಿಯೊಂದನ್ನು ಅಡ್ಡ ಇಟ್ಟು ಹಿಂದಿನಿಂದ ಟಾರ್ಚು ಬಿಟ್ಟರೆ ನಡುವೆ ಬೆಳಕು ಹಾಯುತ್ತಿತ್ತು. ಪಟ್ಟಿ ಓಡಿ ಓಡಿ ಚಕ್ರದ ಮುಖ ತಗ್ಗು ಬಿದ್ದಿತ್ತು. ತಗ್ಗು ಬಿದ್ದ ಮುಖದ ಮೇಲೆ ಪಟ್ಟಿ ನೆಲೆ ನಿಲ್ಲದೆ ಹಿಂದೆ ಮುಂದೆ ಹರಿದಾಡುತ್ತದೆ, ಬೆನ್ನು ಹೋಗಿ ಹಿಂಬದಿಯ ಗೈಡಿಗೆ ಉಜ್ಜುತ್ತದೆ, ಅಲ್ಲೂ ಬಿರುಕು.

ಇವುಗಳಲ್ಲಿ ಯಾವುದು ವಾಸಿಯಾಗದ ರೋಗ? ಸನ್ನೆಯ ಕೀಲು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಕೆರೆದು ಮತ್ತೆ ಕೂರಿಸುವುದಕ್ಕೆ ಬೇಕಾದ್ದು ಸಮಯ. ಚಕ್ರದ ಮುಖವನ್ನು ಅದರದೇ ಶಾಫ್ಟಿನ ಮೇಲೆ ತಿರುಗಿಸಿ ಕಡೆದು ಸರಿಮಾಡಬಹುದು. ಸವೆದ ಬುಷ್ಷನ್ನು ತಿಪಟೂರಿನ ಯಾವ ಲೇತಿನ ಅಂಗಡಿಯಲ್ಲಿ ಬೇಕಾದರೂ ಕಡೆದು ಕೊಡುತ್ತಾರೆ. ಬೇರಿಂಗಿನ ಮೈಮೇಲೆ ನಂಬರು ಕೊರೆದಿರುತ್ತದೆ, ಆ ನಂಬರಿನ ಬೇರಿಂಗು ಇವತ್ತಿಗೂ ಮಾರುಕಟ್ಟೆಯಲ್ಲಿದೆ. “ಸ್ಪೇರ್ ಸಿಗಲ್ಲ” ಎನ್ನುವವರು ಒಮ್ಮೆಯಾದರೂ ಆ ನಂಬರು ಒರೆಸಿ ಓದಿದ್ದಾರೆಯೇ? ಬಾಗಿಲು ತಟ್ಟದೆ ಮನೆಯಲ್ಲಿ ಯಾರೂ ಇಲ್ಲ ಅನ್ನುವುದು ಯಾವ ನ್ಯಾಯ?

ಒಂದು ದೋಷಕ್ಕೆ ಮಾತ್ರ ಕ್ಷಮೆಯಿಲ್ಲ. ಚಕ್ರವನ್ನು ಇಳಿಸಿ, ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಒಳ್ಳೆಯ ಬೀಡು ಗಂಟೆಯ ಹಾಗೆ ನಾದ ಕೊಡುತ್ತದೆ. ಸೀಳು ದನಿ ಬಂದರೆ, ಅರಗಾಲಿನ ಬುಡದಲ್ಲೋ ಗುಂಬದಲ್ಲೋ ಬಿರುಕು ಕಂಡರೆ, ಆ ಚಕ್ರವನ್ನು ಮತ್ತೆ ಓಡಿಸಬಾರದು. ಚಕ್ರ ಒಡೆದರೆ ಶೆಡ್ಡಿನಲ್ಲಿರುವವರ ಜೀವ ಹೋಗುತ್ತದೆ. ಅಂಥದ್ದು ಗುಜರಿಗೆ ಹೋಗಲಿ. ಆದರೆ ತೂಕಕ್ಕೆ ಹೋಗುತ್ತಿರುವ ಯಂತ್ರಗಳಲ್ಲಿ ಎಷ್ಟಕ್ಕೆ ಈ ಸುತ್ತಿಗೆಯ ಪರೀಕ್ಷೆಯಾದರೂ ಆಗಿದೆ? ನಾಡಿ ಹಿಡಿಯದೆ ಸ್ಮಶಾನಕ್ಕೆ ಸಾಗಿಸುತ್ತಿದ್ದೇವೆ.

ಅಪಾಯದ ಮಾತು ಬಂತು, ಅದನ್ನೂ ಮುಗಿಸುತ್ತೇನೆ. “ಹಳೇ ಮೆಷಿನ್ನು, ಕೈ ಹೋಗುತ್ತೆ” ಎಂದು ಹೆದರಿಸುವವರಿದ್ದಾರೆ. ಸಾಮಿಲ್ಲುಗಳಲ್ಲಿ ಬೆರಳು ಕಳೆದುಕೊಂಡವರನ್ನು ನಾವೆಲ್ಲ ಕಂಡಿದ್ದೇವೆ, ಆ ನೋವು ಸಣ್ಣದಲ್ಲ. ಆದರೆ ಬೆರಳು ತೆಗೆದದ್ದು ಯಂತ್ರದ ವಯಸ್ಸೇ? ಚಕ್ರದ ಮುಂದಿನ ಕವಚ ಬಿಚ್ಚಿಟ್ಟವರು ಯಾರು? ಮರದ ಎತ್ತರಕ್ಕೆ ಸರಿಯಾಗಿ ಗೈಡು ಇಳಿಸದೆ ಒಂದೂವರೆ ಅಡಿ ಬ್ಲೇಡು ಬಯಲಾಗಿ ಬಿಟ್ಟವರು ಯಾರು? ಅಪಾಯದ ಯಂತ್ರಭಾಗಗಳಿಗೆ ಬೇಲಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ತನ್ನ 21ನೆಯ ಕಲಮಿನಲ್ಲೇ ಹೇಳಿತ್ತು. ಹತ್ತು ಜನರಿಗಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಮಿಲ್ಲುಗಳು ಆ ಕಾಯ್ದೆಯ ಬಲೆಯಿಂದ ಜಾರಿಕೊಂಡವು. ಯಾರೂ ಕೇಳಲಿಲ್ಲ, ಯಾರೂ ಹಾಕಲಿಲ್ಲ. ಕವಚವಿಲ್ಲದ ಹೊಸ ಯಂತ್ರವೂ ಬೆರಳು ತೆಗೆಯುತ್ತದೆ. ಹಳೆಯ ಯಂತ್ರಕ್ಕೆ ತಗಡಿನ ಕವಚ, ಕೈಗೆಟಕುವ ಕೆಂಪು ಸ್ಟಾಪ್ ಗುಂಡಿ, ಒಂದು ಬ್ರೇಕು ಕೂರಿಸಲು ಊರಿನ ವೆಲ್ಡಿಂಗ್ ಅಂಗಡಿ ಸಾಕು. ಕವಚ ಹಾಕದೆ ಬಣ್ಣ ಬಳಿದು ಓಡಿಸುವವರ ಕೆಲಸವನ್ನು ನಾನು ರಿಪೇರಿ ಎಂದು ಒಪ್ಪುವುದಿಲ್ಲ.

ಇನ್ನು ಹೊಸ ಯಂತ್ರದ ವಿಚಾರ. ಹಳೆಯದರ ತೂಕ ಮಾರಿ ಬಂದ ಹಣಕ್ಕೆ ಅದೇ ಅಳತೆಯ ಬೀಡಿನ ಹೊಸ ಯಂತ್ರ ಬರುತ್ತದೆಯೇ? ಬರುವುದಿಲ್ಲ. ಸಾಲ ಸೇರಿಸಿ ತರಿಸುವುದು ಸಾಮಾನ್ಯವಾಗಿ ತಗಡು ಬಗ್ಗಿಸಿ ಬೆಸೆದ ಹಗುರ ಚೌಕಟ್ಟಿನದು, ಚಿಕ್ಕ ಚಕ್ರದ್ದು. ಚಿಕ್ಕ ಚಕ್ರಕ್ಕೆ ಇನ್ನೂ ತೆಳು ಪಟ್ಟಿ, ತೆಳು ಪಟ್ಟಿಗೆ ದೊಡ್ಡ ದಿಮ್ಮಿ ಆಗದು. ದೊಡ್ಡ ದಿಮ್ಮಿ ಆಗದೆ ಮಿಲ್ಲಿನ ಕೆಲಸ ಅರ್ಧಕ್ಕಿಳಿಯುತ್ತದೆ. ಸಾಲದ ಕಂತು ಮಾತ್ರ ಅರ್ಧಕ್ಕಿಳಿಯುವುದಿಲ್ಲ.

ಕೆಲವರು ಇದನ್ನೂ ದಾಟಿ, ಬ್ಯಾಂಡ್‌ಸಾ ಯಾಕೆ, ಗುಂಡು ಗರಗಸ ಸಾಕು ಅನ್ನುತ್ತಾರೆ. ಗುಂಡು ಗರಗಸ ಒಂದು ಸೀಳಿಗೆ ಐದು ಮಿಲಿಮೀಟರಿನಷ್ಟು ಮರವನ್ನು ಹೊಟ್ಟು ಮಾಡುತ್ತದೆ, ಪಟ್ಟಿ ಗರಗಸ ಎರಡು ಮಿಲಿಮೀಟರಿನ ಆಸುಪಾಸು. ಹತ್ತು ಸೀಳಿಗೆ ಮೂರು ಸೆಂಟಿಮೀಟರ್ ವ್ಯತ್ಯಾಸ, ಅಂದರೆ ಒಂದಿಂಚಿನ ಒಂದು ಹಲಗೆಯೇ ಹೊಟ್ಟಾಗಿ ನೆಲಕ್ಕೆ ಬಿತ್ತು. ಮೂವತ್ತು ವರ್ಷ ಬೆಳೆದ ಹಲಸಿನ ಮರದ ಹಲಗೆ ಅದು. ಅದನ್ನು ಹೊಟ್ಟು ಮಾಡುವ ಹಕ್ಕು ನಮಗೆ ಯಾರು ಕೊಟ್ಟರು?

ನನ್ನ ಸಿಟ್ಟಿಗೆ ದೊಡ್ಡ ಕಾರಣ ತೆಂಗು. ಈ ಸೀಮೆ ತೆಂಗನ್ನು ಕಾಯಿಯಿಂದ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ಉಂಡೆ ಕೊಬ್ಬರಿಯಿಂದ, ತಿಪಟೂರಿನ ಹರಾಜಿನ ದರದಿಂದ ಅಳೆಯುತ್ತದೆ. ಮರವನ್ನು ಅಳೆಯುವುದೇ ಇಲ್ಲ. ನುಸಿ ಬಂತು, ಕಪ್ಪುತಲೆ ಹುಳು ಬಂತು, ಬಿಳಿನೊಣ ಬಂತು, ಕಾಂಡ ಸೋರುವ ರೋಗ, ಅಣಬೆ ರೋಗ ಬಂದವು. ಕಳೆದ ದಶಕದ ಬರಗಳಲ್ಲಿ ಕೊಳವೆಬಾವಿ ಬತ್ತಿ ಚಿಕ್ಕನಾಯಕನಹಳ್ಳಿ, ತಿಪಟೂರು, ಅರಸೀಕೆರೆ ಕಡೆ ಸಾಲು ಸಾಲು ತೋಟಗಳ ಸುಳಿ ಒಣಗಿ ಬಿದ್ದದ್ದನ್ನು ನೋಡಿದವರಿಗೆ ಅದು ಮರೆಯುವಂಥದ್ದಲ್ಲ. ಅಷ್ಟು ಮರ ಎಲ್ಲಿಗೆ ಹೋಯಿತು? ಇಟ್ಟಿಗೆ ಗೂಡಿಗೆ ಹೋಯಿತು, ಒಲೆಗೆ ಹೋಯಿತು, ಬದುವಿನ ಮೇಲೆ ಬಿದ್ದು ಗೆದ್ದಲಿಗೆ ಹೋಯಿತು. ಅಜ್ಜ ನೆಟ್ಟು ನೀರು ಹೊತ್ತ ಮರ ಮೊಮ್ಮಗನ ಕಾಲಕ್ಕೆ ಬರೀ ಬೂದಿ.

ತೆಂಗಿನ ಮರ ಹುರುಳಿಲ್ಲದ ಮರ ಎಂಬುದು ನಮ್ಮ ಇನ್ನೊಂದು ಮೂಢನಂಬಿಕೆ. ಅರವತ್ತು ದಾಟಿದ ತೆಂಗಿನ ಹೊರ ಸುತ್ತು ಒಂದು ಘನಮೀಟರಿಗೆ 600 ಕೆಜಿಗೂ ಮಿಗಿಲಾದ ಗಟ್ಟಿ ಮರ. ಬುಡದ ಕಡೆ ಇನ್ನೂ ಗಟ್ಟಿ. ಒಳ ತಿರುಳು 400 ಕೆಜಿಗಿಂತ ಕಡಿಮೆ, ಮೆದು. ಬೇರೆ ಮರದಲ್ಲಿ ಚೇಗು ಒಳಗೆ, ತೆಂಗಿನಲ್ಲಿ ಗಟ್ಟಿತನ ಹೊರಗೆ. ಇದನ್ನು ತಿಳಿದು, ದಿಮ್ಮಿಯನ್ನು ಹೊರಳಿಸಿ ಹೊರಳಿಸಿ ಹೊರಗಿನ ಗಟ್ಟಿ ಭಾಗವನ್ನು ಬೇರೆ, ಒಳಗಿನದನ್ನು ಬೇರೆ ಸೀಳಿದರೆ ತೊಲೆ, ಜಂತೆ, ನೆಲಹಾಸು, ಕಿಟಕಿ ಚೌಕಟ್ಟು ಎಲ್ಲಕ್ಕೂ ಮರ ಸಿಗುತ್ತದೆ. ಫಿಲಿಪ್ಪೀನ್ಸಿನವರು 1970ರ ದಶಕದಿಂದಲೇ ಝಾಂಬೊಆಂಗದ ಸಂಶೋಧನಾ ಕೇಂದ್ರದಲ್ಲಿ ಈ ಕೆಲಸ ಹಚ್ಚಿಕೊಂಡು ಮುದಿ ತೆಂಗನ್ನು ಮನೆ ಕಟ್ಟುವ ಮರ ಮಾಡಿದರು. 1985ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದರ ಬಗ್ಗೆಯೇ ಕೈಪಿಡಿ ಹೊರತಂದಿತು. ನಾವು ಅದೇ ಮರವನ್ನು ಇಟ್ಟಿಗೆ ಸುಡಲು ಲಾರಿಗೆ ತುಂಬುತ್ತಿದ್ದೇವೆ.

ತೆಂಗು ಹಟದ ಮರ ನಿಜ. ಹೊರ ಸುತ್ತಿನ ಗಟ್ಟಿ ನಾರು ಸಾದಾ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಅದಕ್ಕೆ ಹಲ್ಲಿನ ತುದಿಗೆ ಸ್ಟೆಲೈಟ್ ಎಂಬ ಗಡಸು ಮಿಶ್ರಲೋಹ ಕೂರಿಸಿದ ಪಟ್ಟಿ ಬೇಕು, ಅದನ್ನು ಸಾಣೆ ಹಿಡಿಯಬಲ್ಲ ಮನುಷ್ಯ ಬೇಕು, ಅಲುಗಾಡದ ಭಾರದ ಯಂತ್ರ ಬೇಕು. ಇನ್ನೊಂದು ಮಾತು: ಕಡಿದ ತೆಂಗು ಕಾಯುವುದಿಲ್ಲ. ತಡ ಮಾಡಿದರೆ ಬೂಷ್ಟು ಹಿಡಿಯುತ್ತದೆ, ಹುಳು ಕೊರೆಯುತ್ತದೆ. ಕೆಲವೇ ದಿನಗಳಲ್ಲಿ ಕೊಯ್ದು, ಔಷಧದಲ್ಲಿ ಅದ್ದಿ, ಗಾಳಿಗೆ ಪೇರಿಸಬೇಕು. ಅಂದರೆ ಗರಗಸ ತೋಟದ ಹತ್ತಿರವೇ ಇರಬೇಕು. ಬೆಂಗಳೂರಿನ ಮಿಲ್ಲಿಗೆ ತೆಂಗಿನ ದಿಮ್ಮಿ ಸಾಗಿಸಿ ಲಾಭ ಕಂಡವರುಂಟೇ? ತೋಟದ ಹತ್ತಿರ ಇರುವ ಭಾರದ ಯಂತ್ರ ಯಾವುದು? ನಾವು ಈ ವರ್ಷ ತೂಕಕ್ಕೆ ಹಾಕಲು ಹೊರಟಿರುವುದೇ.

“ಬೇಕಾದಾಗ ಹೊಸ ಮಿಲ್ಲು ಹಾಕಿದರಾಯಿತು” ಎಂದು ಸಮಾಧಾನ ಹೇಳುವವರು ಕಾನೂನು ಓದಿಲ್ಲ. ಕಾಡು ಉಳಿಸುವ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದಿಂದ ದೇಶದ ಸಾಮಿಲ್ಲುಗಳ ಮೇಲೆ ಬಿಗಿ ಬಿತ್ತು. 2002ರಲ್ಲಿ ಕೇಂದ್ರದ ಉನ್ನತಾಧಿಕಾರ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ರಾಜ್ಯವೂ ಹೊಸ ಮಿಲ್ಲಿಗೆ ಅನುಮತಿ ಕೊಡಬಾರದೆಂದಾಯಿತು. 2016ರಲ್ಲಿ ಹೊಸ ಮಾರ್ಗಸೂಚಿ ಬಂದು ಈ ಅಧಿಕಾರ ರಾಜ್ಯಮಟ್ಟದ ಸಮಿತಿಗೆ ಬಂತಾದರೂ, ಸಿಗುವ ಮರದ ಪ್ರಮಾಣ ನೋಡಿಯೇ ಲೈಸೆನ್ಸು. ಕಾಡು ಉಳಿಸಲು ಬಂದ ಈ ಬಿಗಿಯನ್ನು ನಾನು ದೂರುವುದಿಲ್ಲ, ಅದು ಬೇಕಿತ್ತು. ಆದರೆ ಅದರ ಅರ್ಥ ನಮಗೆ ತಿಳಿಯಬೇಡವೇ? ಈ ಊರಿನಲ್ಲಿ ಮುಚ್ಚಿದ ಒಂದು ಮಿಲ್ಲು ಸುಲಭಕ್ಕೆ ಮತ್ತೆ ತೆರೆಯುವುದಿಲ್ಲ. ಯಂತ್ರ ಹೋಯಿತು ಅಂದರೆ ಲೈಸೆನ್ಸು ನವೀಕರಣದ ಉತ್ಸಾಹ ಹೋಯಿತು, ಜಾಗ ಹೆದ್ದಾರಿ ಬದಿಯ ಮಳಿಗೆಯಾಯಿತು, ರೈತ ತನ್ನ ಬೇವು ಹಲಸು ಕೊಯ್ಯಿಸಲು ಮೂವತ್ತು ಮೈಲಿ ಓಡಿದ. ಆಮೇಲೆ ಅವನೂ ಬೇಸತ್ತು ನಿಂತ ಮರವನ್ನೇ ವ್ಯಾಪಾರಿಗೆ ಕೊಟ್ಟು, ಪ್ಲೈವುಡ್ಡಿನ ಬಾಗಿಲು ತಂದ. ತನ್ನ ಮರಕ್ಕೆ ತಾನೇ ಬೆಲೆ ಕಟ್ಟುವ ಶಕ್ತಿ ಕಳೆದುಕೊಂಡ ಸೀಮೆಯಾಗಿ ಬಿಡುತ್ತೇವೆ.

ನಾವು ಈ ಪಾಠವನ್ನು ಒಮ್ಮೆ ಕಲಿತಿರಬೇಕಿತ್ತು. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತುಗಳು, ಬೆಂಗಳೂರಿನ ಎನ್‌ಜಿಇಎಫ್ ಮೋಟರುಗಳು, ನಮ್ಮದೇ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಒಂದೊಂದಾಗಿ ಕದ ಮುಚ್ಚಿದಾಗಲೂ “ಅದರ ಕಾಲ ಮುಗೀತು” ಎಂದೇ ಹೇಳಿದ್ದೆವು. ಕಾರ್ಖಾನೆ ಮುಚ್ಚಿದ್ದನ್ನು ನಾವು ತಡೆಯಲಾಗಲಿಲ್ಲ. ಅವು ಮಾಡಿಟ್ಟ ಯಂತ್ರಗಳು ಇವತ್ತೂ ನಮ್ಮ ಶೆಡ್ಡುಗಳಲ್ಲಿವೆ. ಆ ಹುಳಿಯಾರಿನ ಗರಗಸಕ್ಕೆ ಜೋಡಿಸಿದ್ದ ಮೋಟರಿನ ಫಲಕ ಒರೆಸಿದಾಗ ಎನ್‌ಜಿಇಎಫ್ ಎಂಬ ಅಕ್ಷರಗಳು ಕಂಡವು. ಸ್ವಿಚ್ಚು ಹಾಕಿದರೆ ಈಗಲೂ ಓಡುತ್ತದೆ. ಮಾಡಿದ ಕಾರ್ಖಾನೆ ಇಲ್ಲ, ಮಾಡಿದ ವಸ್ತು ಇದೆ. ಅದನ್ನೂ ನಮ್ಮ ಕೈಯಿಂದಲೇ ಕುಲುಮೆಗೆ ಕೊಡಬೇಕೇ?

ಸರ್ಕಾರದ ಯೋಜನೆಗಳೂ ಹೊಸದರ ಪರವೇ ವಾಲಿವೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗೆ ಉಪಕರಣಕ್ಕೆಂದು 15,000 ರೂಪಾಯಿ, ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ ಇದೆ. ಒಳ್ಳೆಯದೇ. ಆದರೆ ಸಾಲಕ್ಕೆ ಹೋದರೆ ಕೇಳುವುದು ಹೊಸ ಯಂತ್ರದ ಕೊಟೇಶನ್ನು. ಲೇತಿನವನು, ವೆಲ್ಡಿಂಗಿನವನು, ರಿವೈಂಡಿಂಗಿನವನು, ಬೇರಿಂಗ್ ಅಂಗಡಿಯವನು ಕೊಡುವ ನಾಲ್ಕು ಚೀಟಿಗಳಿಗೆ ಅಲ್ಲಿ ಬೆಲೆಯಿಲ್ಲ. ಆ ನಾಲ್ಕು ಚೀಟಿಗಳ ಹಣವಾದರೋ ನಾಲ್ಕೂ ಇದೇ ತಾಲ್ಲೂಕಿನ ಕೈಗಳಿಗೆ ಹೋಗುತ್ತದೆ, ಹೊಸ ಯಂತ್ರದ ಹಣ ಊರು ಬಿಟ್ಟು ಹೋಗುತ್ತದೆ. ಇಷ್ಟು ಸರಳ ಲೆಕ್ಕ ಯೋಜನೆ ಬರೆಯುವವರಿಗೆ ಯಾಕೆ ಕಾಣುವುದಿಲ್ಲ? ತೆಂಗು ಅಭಿವೃದ್ಧಿ ಮಂಡಳಿ ರೋಗದ, ಮುದಿ ಮರಗಳನ್ನು ತೆಗೆಸಿ ಹೊಸ ಸಸಿ ನೆಡಲು ಸಹಾಯಧನ ಕೊಡುತ್ತದೆ. ತೆಗೆಸಿದ ಮರ ಏನಾಗಬೇಕೆಂದು ಮಂಡಳಿ ರೈತನಿಗೆ ಹೇಳಿಕೊಡಬೇಡವೇ?

ಗುಜರಿಗೆ ಹೋಗದೆ ಉಳಿದ ಕೆಲವು ಯಂತ್ರಗಳಿಗೆ ಇನ್ನೊಂದು ಗತಿ ಕಾದಿದೆ. ಊರಾಚೆಯವರು ಬಂದು ಕೊಂಡು, ತುಕ್ಕು ಉಜ್ಜಿ, ಕಪ್ಪು ಬಣ್ಣ ಹೊಡೆದು, ರೆಸಾರ್ಟಿನ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಇದನ್ನು ಸಂರಕ್ಷಣೆ ಎಂದು ಮೆಚ್ಚುವವರೂ ಇದ್ದಾರೆ. ನಾನು ಮೆಚ್ಚುವುದಿಲ್ಲ. ಮರ ಕೊಯ್ಯದ ಗರಗಸ ಉಳಿದ ಹಾಗಲ್ಲ.

ಯಂತ್ರಕ್ಕಿಂತ ಬೇಗ ಅಳಿಯುತ್ತಿರುವುದು ಅದರ ಜೊತೆಗಿನ ವಿದ್ಯೆ. ಪಟ್ಟಿಯ ಎರಡು ತುದಿಗಳನ್ನು ಓರೆಯಾಗಿ ಉಜ್ಜಿ, ಒಂದರ ಮೇಲೊಂದು ಕೂರಿಸಿ, ಬೆಳ್ಳಿಯ ಬೆಸುಗೆ ಹಾಕಿ, ಉಳಿದ ಪಟ್ಟಿಯ ದಪ್ಪಕ್ಕೇ ತರುವವರು. ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಬಗ್ಗಿಸಿ ಅರ ಹಿಡಿಯುವವರು. ಪಟ್ಟಿಯ ನಡುವನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಅಂಚುಗಳಿಗೆ ಬಿಗಿ ಬರಿಸುವವರು. ಇಂಥವರು ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ, ಎಲ್ಲರಿಗೂ ವಯಸ್ಸಾಗಿದೆ. ಅವರ ಪಕ್ಕ ಕೂತು ಕಲಿಯುವ ಹುಡುಗರಿಲ್ಲ. ಹುಡುಗರನ್ನು ದೂರಿ ಏನು ಫಲ? ಯಂತ್ರವೇ ತೂಕಕ್ಕೆ ಹೋಗುತ್ತಿರುವಾಗ ಅದರ ವಿದ್ಯೆ ಕಲಿಯಲು ಯಾವ ಹುಡುಗ ಬರುತ್ತಾನೆ?

ಆದ್ದರಿಂದ ಕೇಳಬೇಕಾದ್ದನ್ನು ಗಟ್ಟಿಯಾಗಿ ಕೇಳುತ್ತೇನೆ. ನಮ್ಮ ಸರ್ಕಾರಿ ಐಟಿಐಗಳು ತಲಾ ಒಂದು ಹಳೆಯ ಬ್ಯಾಂಡ್‌ಸಾ ತಂದು, ಬಿಚ್ಚಿ ಕಟ್ಟುವುದನ್ನೇ ಪಾಠ ಮಾಡಲಿ. ಆ ವಯಸ್ಸಾದ ಸಾಣೆಗಾರರನ್ನು ಸಂಬಳ ಕೊಟ್ಟು ಕರೆಸಿ ಮೇಷ್ಟರ ಕುರ್ಚಿಯಲ್ಲಿ ಕೂರಿಸಲಿ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ತೆಂಗು ಕೊಯ್ಯುವ, ಒಣಗಿಸುವ, ಔಷಧ ಹಾಕುವ ತರಬೇತಿಯನ್ನು ಬೆಂಗಳೂರಿನಲ್ಲಲ್ಲ, ತಿಪಟೂರಿನಲ್ಲಿ ನಡೆಸಲಿ. ಬ್ಯಾಂಕುಗಳು ರಿಪೇರಿಯ ಚೀಟಿಗೂ ಸಾಲ ಕೊಡಲಿ, ಕವಚ ಮತ್ತು ಬ್ರೇಕು ಕೂರಿಸಿದ್ದಕ್ಕೆ ಬಡ್ಡಿ ಇಳಿಸಲಿ. ತೆಂಗು ಬೆಳೆಗಾರರ ಕಂಪನಿಗಳು ಕಾಯಿ ಕೊಬ್ಬರಿಯ ಜೊತೆಗೆ ದಿಮ್ಮಿಯ ದರವನ್ನೂ ಹಲಗೆಯ ಮೇಲೆ ಬರೆಯಲಿ. ಮನೆ ಕಟ್ಟಿಸುವವರು ಒಂದು ಕೋಣೆಯ ಜಂತೆಗಾದರೂ ನಮ್ಮ ತೋಟದ ತೆಂಗನ್ನೇ ಕೇಳಲಿ.

ಮಿಲ್ಲಿನ ಯಜಮಾನರೇ, ನಿಮಗೆ ಬೇರೆಯಾಗಿ ಹೇಳುತ್ತೇನೆ. ಈ ವಾರ ಒಂದು ಮಧ್ಯಾಹ್ನ ಕರೆಂಟು ತೆಗೆದು, ಬೆಲ್ಟು ಬಿಚ್ಚಿ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಸುತ್ತಿಗೆಯಿಂದ ತಟ್ಟಿ ನಾದ ಕೇಳಿ. ಸನ್ನೆ ಅಲುಗುತ್ತದೆಯೇ ನೋಡಿ, ಚಕ್ರದ ಮುಖಕ್ಕೆ ಅಡ್ಡಪಟ್ಟಿ ಇಟ್ಟು ನೋಡಿ, ಬ್ಲೇಡಿನ ಗೇಜು ಅಳೆಸಿ. ಬೇರಿಂಗಿನ ನಂಬರು ಬರೆದುಕೊಂಡು ಅಂಗಡಿಗೆ ಹೋಗಿ. ನಿಮ್ಮ ಮಗನನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ. ಗುಜರಿಯವರಿಗೆ ಈಗಾಗಲೇ ಮಾತು ಕೊಟ್ಟಿದ್ದರೆ, ಮುಂಗಡ ಹಿಡಿದಿದ್ದರೆ, ಇವತ್ತೇ ಫೋನ್ ಮಾಡಿ ಮಾತು ಮುರಿಯಿರಿ, ಮುಂಗಡ ವಾಪಸು ಕೊಡಿ.